ಗುರುತು ಬೇರೆ, ಗುಟ್ಟು ಬೇರೆ

‘ಹೆಬ್ಬೆಟ್ಟು’ ಎಂಬುದು ಕನ್ನಡದಲ್ಲಿ ಬಹುಕಾಲ ಬೈಗುಳವಾಗಿತ್ತು. ‘ಅವನು ಬಿಡಪ್ಪ, ಹೆಬ್ಬೆಟ್ಟು’ ಎಂದರೆ ಓದುಬರಹ ಬಾರದವನು, ಪತ್ರದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಮಸಿಗೆ ಬೆರಳು ಅದ್ದಿ ಒತ್ತುವವನು ಎಂದರ್ಥ. ಸಾಹುಕಾರನ ಜಗಲಿಯಲ್ಲಿ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕತೆಗಳು ನಮ್ಮ ಕಾದಂಬರಿಗಳಲ್ಲೂ ಸಿನಿಮಾಗಳಲ್ಲೂ ಬೇಕಾದಷ್ಟಿವೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಸ್ಲೇಟು ಹಿಡಿದ ಅಜ್ಜಿಯರು ಮೊದಲು ಕಲಿಯಲು ಬಯಸಿದ್ದು ತಮ್ಮ ಹೆಸರು ಬರೆಯುವುದನ್ನು. ಹೆಬ್ಬೆಟ್ಟಿನಿಂದ ರುಜುವಿಗೆ ದಾಟುವುದೆಂದರೆ ಮರ್ಯಾದೆಗೆ ದಾಟುವುದು ಎಂಬ ಭಾವನೆ ಆಗ ಇತ್ತು. ಈಗ ನೋಡಿದರೆ ಪ್ರೊಫೆಸರರು, ಬ್ಯಾಂಕ್ ಮ್ಯಾನೇಜರರು, ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು ಎಲ್ಲರೂ ದಿನಕ್ಕೆ ಹತ್ತಾರು ಸಲ ಹೆಬ್ಬೆಟ್ಟು ಒತ್ತುತ್ತಿದ್ದೇವೆ. ಮಸಿ ಇಲ್ಲ, ಅವಮಾನವೂ ಇಲ್ಲ. ಫೋನಿನ ಗಾಜು ಬೆರಳನ್ನು ಗುರುತಿಸಿ ಬಾಗಿಲು ತೆರೆಯುತ್ತದೆ. ಕೆಲವು ಫೋನುಗಳಿಗೆ ಬೆರಳೂ ಬೇಡ, ಮುಖ ತೋರಿಸಿದರೆ ಸಾಕು.

ಹಾಗಾದರೆ ಬೆರಳನ್ನೋ ಮುಖವನ್ನೋ ನಂಬಿ ಪಾಸ್‌ವರ್ಡನ್ನು ಕೈಬಿಡಬಹುದೇ? ಇದನ್ನು ನಾವು ಸಾಮಾನ್ಯವಾಗಿ ತಂತ್ರಜ್ಞರಿಗೆ ಬಿಟ್ಟುಬಿಡುತ್ತೇವೆ. ಯಾವುದು ಬೇಗ ಮುರಿಯುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂಬ ಲೆಕ್ಕ ಅವರದು. ಆ ಲೆಕ್ಕ ಬೇಕೇ ಬೇಕು. ಆದರೆ ಅದರ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಒಬ್ಬರನ್ನು ‘ಇವರೇ ಅವರು’ ಎಂದು ಗುರುತಿಸುವುದೆಂದರೆ ಏನು? ಗುರುತಿಸಿದ ಮಾತ್ರಕ್ಕೆ ಅವರು ಒಪ್ಪಿದಂತಾಯಿತೇ? ಇದು ಕತೆಗಳು ಬಹಳ ಹಿಂದಿನಿಂದ ಕೇಳುತ್ತಾ ಬಂದಿರುವ ಪ್ರಶ್ನೆ. ಶಾಕುಂತಲದ ಉಂಗುರ, ಹನುಮಂತನ ಕೈಯ ಮುದ್ರಿಕೆ, ಕೆಂಪುನಾರಾಯಣನ ‘ಮುದ್ರಾಮಂಜೂಷ’ದಲ್ಲಿ ಚಾಣಕ್ಯನ ಕೈ ಸೇರುವ ರಾಕ್ಷಸನ ಮುದ್ರೆಯುಂಗುರ, ಇವೆಲ್ಲ ಇದೇ ಪ್ರಶ್ನೆಯ ಸುತ್ತ ಹುಟ್ಟಿದ ಪ್ರಸಂಗಗಳು. ಆದರೆ ದೇಹದ ಗುರುತಿನ ಬಗ್ಗೆ ಎಲ್ಲಕ್ಕಿಂತ ಆಳವಾಗಿ ಯೋಚಿಸಿದ ಕತೆ ನಳದಮಯಂತಿಯರದು. ಅದನ್ನು ಮುಂದಿಟ್ಟುಕೊಂಡು ಫೋನಿನ ಬೀಗವನ್ನು ನೋಡುವುದು ಈ ಬರಹದ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ‘ಗುರುತು’ ಮತ್ತು ‘ಗುಟ್ಟು’ ಎಂಬ ಎರಡು ಬೇರೆ ಪದಗಳಿವೆ. ದೇಹ ಗುರುತಾಗಬಲ್ಲದು, ಗುಟ್ಟಾಗಲಾರದು. ಈ ಎರಡನ್ನೂ ಒಂದೇ ಎಂದುಕೊಂಡಾಗ ನಾವು ಕಳೆದುಕೊಳ್ಳುವುದು ಹಣವನ್ನು ಮಾತ್ರ ಅಲ್ಲ.

ಮೊದಲು ಪಾಸ್‌ವರ್ಡಿನ ಕಡೆಯ ದೌರ್ಬಲ್ಯವನ್ನು ನೋಡಬೇಕು. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಮಾತಿನ ಬೀಗಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಆಲಿಬಾಬಾನ ಕತೆಯ ಗುಹೆ. ಅಲ್ಲಿ ಮಾತಿನ ಎರಡು ಸೋಲುಗಳೂ ಇವೆ. ಕಳ್ಳರು ಗುಹೆಯ ಮುಂದೆ ನಿಂತು ಗಟ್ಟಿಯಾಗಿ ಮಂತ್ರ ಹೇಳಿದರು, ಮರದ ಮೇಲೆ ಕೂತಿದ್ದ ಆಲಿಬಾಬಾ ಕೇಳಿಸಿಕೊಂಡ. ಒಮ್ಮೆ ಕಿವಿಗೆ ಬಿದ್ದ ಗುಟ್ಟು ಗುಟ್ಟಲ್ಲ. ಎರಡನೆಯದು ಅವನ ಅಣ್ಣ ಕಾಸಿಮನ ಪಾಡು. ಒಳಗೆ ಹೋದವನು ರಾಶಿ ಬಿದ್ದ ಹೊನ್ನನ್ನು ನೋಡಿ ಮೈಮರೆತ, ಮಾತನ್ನೂ ಮರೆತ. ಬಾಯಿಗೆ ಬಂದ ಧಾನ್ಯದ ಹೆಸರನ್ನೆಲ್ಲ ಕೂಗಿದರೂ ಬಾಗಿಲು ತೆರೆಯಲಿಲ್ಲ, ಕೊನೆಗೆ ಪ್ರಾಣವೇ ಹೋಯಿತು. ಇಂದು ಪಾಸ್‌ವರ್ಡ್ ಕದಿಯುವವರು ಮರ ಹತ್ತುವುದಿಲ್ಲ, ಬ್ಯಾಂಕಿನವರಂತೆ ಫೋನ್ ಮಾಡಿ ನಮ್ಮ ಬಾಯಿಂದಲೇ ಹೇಳಿಸುತ್ತಾರೆ, ಅಥವಾ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಇಣುಕಿ ನೋಡುತ್ತಾರೆ. ನಾವೂ ಮರೆವಿಗೆ ಹೆದರಿ ಹುಟ್ಟಿದ ವರ್ಷವನ್ನೋ ಮಗುವಿನ ಹೆಸರನ್ನೋ ಎಲ್ಲ ಬಾಗಿಲಿಗೂ ಒಂದೇ ಕೀಲಿಯಾಗಿ ಇಟ್ಟುಕೊಳ್ಳುತ್ತೇವೆ. ಒಂದು ಕಡೆ ಸೋರಿದರೆ ಎಲ್ಲ ಕಡೆ ಸೋರಿದಂತೆ.

ಇದಕ್ಕೆ ಹೋಲಿಸಿದರೆ ಬೆರಳಿನ ಬೀಗ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದೆ. ಅದನ್ನು ಯಾರೂ ಫೋನ್ ಮಾಡಿ ಕೇಳಿ ಪಡೆಯಲಾಗದು. ಅದನ್ನು ನೆನಪಿಡಬೇಕಿಲ್ಲ. 2013ರಲ್ಲಿ ಐಫೋನ್ 5ಎಸ್ ಬೆರಳಿನ ಸಂವೇದಕದೊಂದಿಗೆ ಬಂದಾಗ, ಅದುವರೆಗೆ ಯಾವ ಬೀಗವನ್ನೂ ಹಾಕದೆ ಫೋನ್ ಇಟ್ಟುಕೊಂಡಿದ್ದ ಎಷ್ಟೋ ಜನ ಮೊದಲ ಬಾರಿಗೆ ಬೀಗ ಹಾಕತೊಡಗಿದರು. ಬೀಗವೇ ಇಲ್ಲದಿರುವುದಕ್ಕಿಂತ ಇದು ಎಷ್ಟೋ ಮೇಲು. ಅದು ಕೆಲಸ ಮಾಡುವ ರೀತಿಯೂ ಜನ ಹೆದರುವಷ್ಟು ಅಪಾಯದ್ದಲ್ಲ. ಒಳ್ಳೆಯ ಫೋನುಗಳು ನಮ್ಮ ಬೆರಳಿನ ಚಿತ್ರವನ್ನೇ ಇಟ್ಟುಕೊಳ್ಳುವುದಿಲ್ಲ. ಗೆರೆಗಳ ವಿನ್ಯಾಸದಿಂದ ಒಂದು ಗಣಿತದ ರೂಪವನ್ನು ಮಾಡಿಕೊಂಡು, ಅದನ್ನು ಫೋನಿನೊಳಗಿನ ಪ್ರತ್ಯೇಕವಾದ ಚಿಪ್ ಭಾಗದಲ್ಲಿ ಇಡುತ್ತವೆ. ಅದು ಫೋನು ಬಿಟ್ಟು ಹೊರಗೆ ಹೋಗುವುದಿಲ್ಲ. ಆ್ಯಪ್‌ಗಳಿಗೆ ಸಿಗುವುದು ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರವಷ್ಟೇ. ಅಪರಿಚಿತನೊಬ್ಬನ ಬೆರಳು ನಮ್ಮ ಫೋನನ್ನು ತೆರೆಯುವ ಸಾಧ್ಯತೆ 50,000ದಲ್ಲಿ ಒಂದು, ಮುಖವಾದರೆ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಎಂದು ಆ್ಯಪಲ್ ಹೇಳುತ್ತದೆ. ನಾಲ್ಕಂಕಿಯ ಪಿನ್ ಅನ್ನು ಒಂದೇ ಊಹೆಯಲ್ಲಿ ಹೇಳುವ ಸಾಧ್ಯತೆ 10,000ದಲ್ಲಿ ಒಂದು. ಅಂಕಿಗಳಷ್ಟನ್ನೇ ನೋಡಿದರೆ ದೇಹವೇ ಗೆಲ್ಲುತ್ತದೆ.

ಆದರೆ ಅದೇ ಕಂಪನಿ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅವಳಿಗಳ ವಿಷಯದಲ್ಲಿ, ತದ್ರೂಪದ ಒಡಹುಟ್ಟಿದವರ ವಿಷಯದಲ್ಲಿ, 13 ವರ್ಷಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ಮುಖದ ಲೆಕ್ಕ ಇಷ್ಟು ಭದ್ರವಲ್ಲ. ದಮಯಂತಿ ಎದುರಿಸಿದ್ದು ಈ ಇಕ್ಕಟ್ಟನ್ನೇ.

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ಕನ್ನಡದವರು ಕನಕದಾಸರ ‘ನಳಚರಿತ್ರೆ’ಯಿಂದಲೂ ಯಕ್ಷಗಾನದಿಂದಲೂ ಬಲ್ಲರು. ಸ್ವಯಂವರದ ಮಂಟಪದಲ್ಲಿ ಹಾರ ಹಿಡಿದು ನಿಂತ ದಮಯಂತಿಯ ಮುಂದೆ ಐವರು ನಳರು. ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತೊಟ್ಟು ಬಂದಿದ್ದಾರೆ. ಮುಖ, ಮೈಕಟ್ಟು, ನಿಲುವು ಎಲ್ಲ ಒಂದೇ. ದೇವತೆಗಳನ್ನು ಪತ್ತೆಹಚ್ಚುವ ಲಕ್ಷಣಗಳು ಅವಳಿಗೆ ಗೊತ್ತಿದ್ದವು. ಅವರು ರೆಪ್ಪೆ ಮಿಟುಕಿಸುವುದಿಲ್ಲ, ಬೆವರುವುದಿಲ್ಲ, ಮುಡಿದ ಹೂ ಬಾಡುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಇಂದಿನ ಮುಖ ಗುರುತಿಸುವ ಯಂತ್ರಗಳಲ್ಲಿ ‘ಜೀವಂತಿಕೆಯ ಪರೀಕ್ಷೆ’ ಎಂಬುದೊಂದಿದೆ. ಎದುರಿಗಿರುವುದು ನಿಜವಾದ ಮುಖವೋ ಫೋಟೋವೋ ಎಂದು ತಿಳಿಯಲು ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಎಂದು ಅವು ಕೇಳುತ್ತವೆ. ದಮಯಂತಿಯ ಪಟ್ಟಿ ಅಕ್ಷರಶಃ ಅದೇ.

ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ದಮಯಂತಿ ಜಾಣ್ಮೆಯಿಂದ ನಳನನ್ನು ಕಂಡುಹಿಡಿದಳು ಎನ್ನುತ್ತೇವೆ. ಮೂಲದಲ್ಲಿ ನಡೆದದ್ದು ಹಾಗಲ್ಲ. ಲಕ್ಷಣಗಳು ಗೊತ್ತಿದ್ದರೂ ಅವಳಿಗೆ ಅವು ಕಾಣಲಿಲ್ಲ. ನಕಲು ಅಷ್ಟು ಪೂರ್ಣವಾಗಿತ್ತು. ಪರೀಕ್ಷೆ ಸೋತಮೇಲೆ ಅವಳು ಕೈಮುಗಿದು, ತನ್ನ ಸತ್ಯದ ಮೇಲೆ ಆಣೆಯಿಟ್ಟು, ನಿಮ್ಮ ನಿಜರೂಪವನ್ನು ತೋರಿಸಿ ಎಂದು ದೇವತೆಗಳನ್ನೇ ಬೇಡಿದಳು. ಅವರು ಕರುಣೆಯಿಂದ ತಮ್ಮ ಲಕ್ಷಣಗಳನ್ನು ತೋರಿದರು. ಆಗ ನೆರಳು ಬಿದ್ದವನು, ಬೆವರಿದವನು, ಧೂಳು ಮೆತ್ತಿದವನು ನಳನೆಂದು ತಿಳಿಯಿತು. ಅಂದರೆ ಸ್ವಯಂವರದಲ್ಲಿ ಗೆದ್ದದ್ದು ಪರೀಕ್ಷೆಯಲ್ಲ, ನಕಲು ಮಾಡಿದವರ ದೊಡ್ಡತನ. ದೇಹವನ್ನು ಕದ್ದವನು ತಾನೇ ಒಪ್ಪಿಕೊಂಡರೆ ಮಾತ್ರ ಬಿಡುಗಡೆ ಎಂಬ ಕಹಿ ಸತ್ಯ ಆ ಶುಭ ಮುಹೂರ್ತದ ಒಳಗೇ ಇದೆ. ಇಂದ್ರ ಕರುಣೆ ತೋರಿದ. ನಮ್ಮ ಖಾತೆಗೆ ಕನ್ನ ಹಾಕುವವನಿಂದ ಅದನ್ನು ನಿರೀಕ್ಷಿಸಲಾಗದು.

ದೇಹದ ನಕಲು ಪುರಾಣದ ಮಾತಷ್ಟೇ ಅಲ್ಲ. ಐಫೋನಿನ ಬೆರಳ ಬೀಗ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಗುಂಪು ಅದನ್ನು ತೆರೆದು ತೋರಿಸಿತು. ಗಾಜಿನ ಮೇಲೆ ಉಳಿದ ಬೆರಳಚ್ಚಿನ ಚಿತ್ರ ತೆಗೆದು, ಅದರಿಂದ ತೆಳುವಾದ ಪೊರೆಯೊಂದನ್ನು ಮಾಡಿ ಬೆರಳಿಗೆ ಅಂಟಿಸಿಕೊಂಡರು, ಅಷ್ಟೇ. ಅದೇ ಗುಂಪು 2008ರಲ್ಲಿ ಬೆರಳಚ್ಚಿನ ಬಳಕೆಯನ್ನು ಬೆಂಬಲಿಸುತ್ತಿದ್ದ ಜರ್ಮನಿಯ ಗೃಹಮಂತ್ರಿಯ ಬೆರಳಚ್ಚನ್ನೇ ಪ್ರಕಟಿಸಿತ್ತು. 2014ರಲ್ಲಿ ಅದರ ಸದಸ್ಯನೊಬ್ಬ ಅಲ್ಲಿನ ರಕ್ಷಣಾ ಮಂತ್ರಿಯ ಹೆಬ್ಬೆರಳಿನ ಗೆರೆಗಳನ್ನು ಸಾರ್ವಜನಿಕ ಸಭೆಯೊಂದರಲ್ಲಿ ದೂರದಿಂದ ತೆಗೆದ ಫೋಟೋಗಳಿಂದಲೇ ಮರುರೂಪಿಸಿದ. 2019ರಲ್ಲಿ ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎಸ್10 ಫೋನಿನ ಪರದೆಯ ಮೇಲೆ ಒಂದು ಬಗೆಯ ಸಿಲಿಕೋನ್ ಹೊದಿಕೆ ಹಾಕಿದರೆ ಯಾರ ಬೆರಳಿಗೂ ಅದು ತೆರೆದುಕೊಳ್ಳುತ್ತದೆ ಎಂಬುದು ಬಯಲಾಗಿ, ಕಂಪನಿ ತಂತ್ರಾಂಶ ತಿದ್ದಬೇಕಾಯಿತು. ಇವೆಲ್ಲ ಪ್ರತಿದಿನ ನಡೆಯುವ ಕಳ್ಳತನಗಳಲ್ಲ, ನಿಜ. ಆದರೆ ಅವು ಹೇಳುವ ಮಾತು ಒಂದೇ. ನಾವು ಮುಟ್ಟಿದ ಲೋಟದ ಮೇಲೆ, ಬಾಗಿಲ ಹಿಡಿಯ ಮೇಲೆ, ಮದುವೆ ಮನೆಯ ಫೋಟೋದಲ್ಲಿ ಬಿಟ್ಟುಹೋಗುವ ವಸ್ತುವನ್ನು ಗುಟ್ಟು ಎಂದು ಕರೆಯಲಾಗದು. ಅದು ಹೆಸರಿನಂತೆ, ಊರಿಗೆಲ್ಲ ಗೊತ್ತಿರುವಂಥದ್ದು.

ಹೆಸರು ಬಯಲಾದರೆ ಚಿಂತೆಯಿಲ್ಲ. ಗುಟ್ಟು ಬಯಲಾದರೆ ಬದಲಿಸಬೇಕು. ದೇಹದ ತೊಡಕು ಇಲ್ಲಿದೆ: ಅದನ್ನು ಗುಟ್ಟಿನಂತೆ ಬಳಸುತ್ತೇವೆ, ಆದರೆ ಬಯಲಾದಾಗ ಬದಲಿಸಲಾಗದು. 2015ರಲ್ಲಿ ಅಮೆರಿಕದ ಸರ್ಕಾರಿ ನೌಕರರ ದಾಖಲೆಗಳಿಗೆ ಕನ್ನ ಬಿದ್ದಾಗ ಸುಮಾರು 56 ಲಕ್ಷ ಜನರ ಬೆರಳಚ್ಚುಗಳು ಕಳುವಾದವು. ಅವರು ಪಾಸ್‌ವರ್ಡ್ ಬದಲಿಸಿಕೊಂಡಿರಬಹುದು, ಬೆರಳನ್ನಲ್ಲ. ನಮ್ಮಲ್ಲಿಗೆ ಬಂದರೆ, 2023ರಲ್ಲಿ ಕರ್ನಾಟಕದ ಹಲವೆಡೆ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಗಳಿಂದ ಹಣ ಕಾಣೆಯಾದ ದೂರುಗಳು ಪೊಲೀಸರಿಗೆ ಬಂದವು. ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಲಾಗಿತ್ತು. ಹೊಲದ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಹೊಲ ಕಳೆಯುವ ಹಳೆಯ ಕತೆ ಹೊಸ ವೇಷದಲ್ಲಿ ಮರಳಿದ್ದು ಹೀಗೆ. ಈ ಸಲ ಮೋಸಹೋದವರು ಅಕ್ಷರ ಬಾರದವರೇನಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು, ಇಲ್ಲದಿದ್ದರೆ ಚರ್ಚೆ ಕಲಸುಮೇಲೋಗರವಾಗುತ್ತದೆ. ಆಧಾರ್‌ನಲ್ಲಿ ಬೆರಳನ್ನು ದೂರದ ಒಂದು ಭಂಡಾರದ ಜೊತೆ ಹೋಲಿಸಲಾಗುತ್ತದೆ, ಅದೇ ಬೆರಳು ದೇಶದ ಎಲ್ಲ ಯಂತ್ರಗಳಲ್ಲೂ ನಡೆಯುತ್ತದೆ. ಸ್ವಂತ ಫೋನಿನಲ್ಲಿ ಹೋಲಿಕೆ ಫೋನಿನೊಳಗೇ ಮುಗಿಯುತ್ತದೆ. ಕಳ್ಳನಿಗೆ ನಕಲಿ ಬೆರಳೂ ಬೇಕು, ನಮ್ಮ ಫೋನೂ ಬೇಕು. ಹಾಗಾಗಿ ಆಧಾರ್‌ನ ಅಪಾಯಗಳನ್ನೆಲ್ಲ ತಂದು ಫೋನಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಪರಿಚಿತ ಕಳ್ಳನ ವಿರುದ್ಧ ಫೋನಿನ ಬೆರಳ ಬೀಗ ಸಾಕಷ್ಟು ಗಟ್ಟಿ ಎಂದು ಒಪ್ಪಬಹುದು. ನನ್ನ ಆತಂಕ ಇರುವುದು ಪರಿಚಿತರ ಬಗ್ಗೆ ಮತ್ತು ಅಧಿಕಾರ ಇರುವವರ ಬಗ್ಗೆ. ಅಲ್ಲಿಗೆ ಹೋಗುವ ಮೊದಲು ನಳನ ಕತೆಯ ಉತ್ತರಾರ್ಧವನ್ನು ನೋಡಬೇಕು.

ಜೂಜಿನಲ್ಲಿ ಎಲ್ಲ ಕಳೆದುಕೊಂಡ ನಳ, ಕಾಡಿನಲ್ಲಿ ಮಲಗಿದ್ದ ದಮಯಂತಿಯ ಸೀರೆಯ ಅರ್ಧ ಹರಿದುಕೊಂಡು ಅವಳನ್ನು ಬಿಟ್ಟುಹೋಗುತ್ತಾನೆ. ಕಾರ್ಕೋಟಕ ಕಚ್ಚಿದಾಗ ಅವನ ರೂಪವೇ ಬದಲಾಗುತ್ತದೆ. ಕುಳ್ಳ, ಕುರೂಪಿ ಬಾಹುಕನಾಗಿ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗುತ್ತಾನೆ. ಸ್ವಯಂವರದಲ್ಲಿ ಒಂದೇ ದೇಹ ಐವರಲ್ಲಿತ್ತು, ಈಗ ನಳನ ಬಳಿಯೇ ನಳನ ದೇಹವಿಲ್ಲ. ದೇಹ ಕೈಕೊಟ್ಟಾಗ ಗುರುತಿಸುವುದು ಹೇಗೆ? ದಮಯಂತಿ ಈ ಸಲ ಲಕ್ಷಣಗಳ ಪಟ್ಟಿ ಹಿಡಿಯುವುದಿಲ್ಲ. ಬ್ರಾಹ್ಮಣರನ್ನು ಊರೂರಿಗೆ ಕಳುಹಿಸಿ, ಮಲಗಿದ್ದ ಹೆಂಡತಿಯ ಸೀರೆಯ ಅರ್ಧ ಹರಿದುಕೊಂಡು ಹೋದ ಜೂಜುಗಾರ ಎಲ್ಲಿದ್ದಾನೆ ಎಂಬ ಅರ್ಥದ ಮಾತನ್ನು ಸಭೆಸಭೆಗಳಲ್ಲಿ ಹೇಳಿಸುತ್ತಾಳೆ. ಪ್ರಶ್ನೆ ಎಲ್ಲರ ಕಿವಿಗೂ ಬೀಳುತ್ತದೆ. ಅದಕ್ಕೆ ಮರುಗಿ ಉತ್ತರ ಕೊಡಬಲ್ಲವನು ಒಬ್ಬನೇ. ಪರ್ಣಾದನೆಂಬವನು ಬಾಹುಕನ ಉತ್ತರವನ್ನು ತಂದಾಗ ಅವಳಿಗೆ ಅರ್ಧ ನಂಬಿಕೆ ಬರುತ್ತದೆ. ಮುಂದೆ ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡುತ್ತಾಳೆ, ಮಕ್ಕಳನ್ನು ಅವನ ಬಳಿ ಕಳುಹಿಸಿ ಅವನು ಅಳುವುದನ್ನು ತಿಳಿಯುತ್ತಾಳೆ. ಆಮೇಲೆಯೇ ಎದುರಿಗೆ ಬರುವುದು.

ಕಂಪ್ಯೂಟರ್ ಭದ್ರತೆಯ ಭಾಷೆಯಲ್ಲಿ ಹೇಳಿದರೆ ಇದು ಸವಾಲು ಮತ್ತು ಜವಾಬಿನ ಪದ್ಧತಿ: ಸವಾಲನ್ನು ಬಯಲಲ್ಲಿ ಕೂಗಿದರೂ ಗುಟ್ಟು ಹೊರಬೀಳುವುದಿಲ್ಲ. ಆದರೆ ಭದ್ರತೆಯ ಜಾಣ್ಮೆಗಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಉತ್ತರ ಕೊಡುವುದೋ ಬಿಡುವುದೋ ಎಂಬುದು ಬಾಹುಕನ ಕೈಯಲ್ಲಿತ್ತು. ಅವನು ಸುಮ್ಮನಿದ್ದಿದ್ದರೆ ಯಾರೂ ಅವನನ್ನು ನಳನೆಂದು ಎಳೆದು ತರಲಾಗುತ್ತಿರಲಿಲ್ಲ. ಮಾತಿನ ಗುರುತಿನಲ್ಲಿ, ಗುರುತಿಸಲ್ಪಡುವವನಿಗೂ ಒಂದು ಪಾಲಿದೆ. ಐವರು ನಳರ ನಡುವೆ ನಿಂತ ನಳನಿಗೆ ಆ ಪಾಲು ಇರಲಿಲ್ಲ. ಅವನು ಬೆವರುತ್ತಾ ನಿಂತಿದ್ದ, ಅಷ್ಟೇ.

ಈ ಕತೆ ಇನ್ನೊಂದು ವರ್ಗದ ಜನರನ್ನೂ ನೆನಪಿಸುತ್ತದೆ. ಕಾಡುಮೇಡು ಅಲೆದು, ಸಾರಥ್ಯ ಮಾಡಿ ದೇಹ ಬದಲಾದವನು ಬಾಹುಕ ಒಬ್ಬನೇ ಅಲ್ಲ. ಗಾರೆ ಕಲಸುವ, ಕಲ್ಲು ಒಡೆಯುವ, ಪಾತ್ರೆ ತಿಕ್ಕುವ ಕೈಗಳ ಗೆರೆಗಳು ಸವೆದು ಹೋಗುತ್ತವೆ, ವಯಸ್ಸಾದಂತೆ ಇನ್ನೂ ಮಾಸುತ್ತವೆ. ಪಡಿತರ ಅಂಗಡಿಯ ಯಂತ್ರದ ಮುಂದೆ ಬೆರಳನ್ನು ಸೀರೆಗೆ ಒರೆಸಿ ಒರೆಸಿ ಒತ್ತುವ ವೃದ್ಧೆಯರನ್ನು ಕಾಣದ ಊರಿಲ್ಲ. ಬೆರಳನ್ನೇ ನಂಬುವ ಫೋನು ಮೊದಲು ಕೈಬಿಡುವುದು ಕೈಯಿಂದ ದುಡಿಯುವವರನ್ನು. ಅವರಿಗೆ ಉಳಿಯುವ ದಾರಿ ಅಂಕಿಗಳದ್ದು, ಮಾತಿನದ್ದು. ಒಂದು ಕಾಲಕ್ಕೆ ಅಕ್ಷರ ಬಾರದವರಿಗೆಂದು ಇದ್ದ ಹೆಬ್ಬೆಟ್ಟು, ಈಗ ಮೆತ್ತನೆಯ ಬೆರಳಿರುವವರ ಸೌಲಭ್ಯವಾಗಿರುವುದು ಇತಿಹಾಸದ ಚೋದ್ಯ.

ಹೆಬ್ಬೆಟ್ಟಿನ ಆ ಇತಿಹಾಸವೂ ನಮ್ಮ ನೆಲದ್ದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನಿಂದ ಕರಾರು ಪತ್ರದ ಹಿಂದೆ ಇಡೀ ಅಂಗೈಯ ಅಚ್ಚು ಹಾಕಿಸಿಕೊಂಡ. ಮುಂದೆ ಅವನು ‘ಈ ಸಹಿ ನನ್ನದಲ್ಲ’ ಎನ್ನದಂತೆ ಹೆದರಿಸುವುದು ಉದ್ದೇಶವಾಗಿತ್ತು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ಆರಂಭವಾಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಪದ್ಧತಿಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದರು, ಪದ್ಧತಿ ಮಾತ್ರ ಅವರ ಮೇಲಧಿಕಾರಿ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾಯಿತು. ಇಲ್ಲಿ ಒಂದು ಎಳೆಯನ್ನು ಗಮನಿಸಿ. ಬೆರಳಚ್ಚು ಹುಟ್ಟಿದ್ದು ಮನುಷ್ಯನ ಮಾತನ್ನು ನಂಬದಿದ್ದುದರಿಂದ. ನೀನು ಏನು ಹೇಳುತ್ತೀಯೋ ಬೇಡ, ನಿನ್ನ ಮೈ ಹೇಳಲಿ ಎಂಬ ಆಳುವವರ ನಿಲುವು ಅದರಲ್ಲಿದೆ. ಇವತ್ತಿನ ಫೋನು ಆ ನಿಲುವನ್ನು ನಯವಾದ ಗಾಜಿನಡಿ ಇಟ್ಟು ನಮಗೇ ಮಾರುತ್ತಿದೆ.

ಈಗ ಪರಿಚಿತರ ವಿಷಯಕ್ಕೆ ಬರೋಣ. 2017ರ ನವೆಂಬರಿನಲ್ಲಿ ದೋಹಾದಿಂದ ಬಾಲಿಗೆ ಹೊರಟಿದ್ದ ವಿಮಾನವೊಂದು ದಾರಿಯಲ್ಲಿ ಚೆನ್ನೈನಲ್ಲಿ ಇಳಿಯಬೇಕಾಯಿತು. ಪ್ರಯಾಣಿಕಳೊಬ್ಬಳು ನಿದ್ದೆಯಲ್ಲಿದ್ದ ಗಂಡನ ಬೆರಳನ್ನು ಅವನ ಫೋನಿಗೆ ಒತ್ತಿ ತೆರೆದಿದ್ದಳು. ಅವನ ಬೇರೊಂದು ಸಂಬಂಧ ತಿಳಿದು ಗಲಾಟೆ ಜೋರಾಯಿತೆಂದು ಪತ್ರಿಕೆಗಳು ಬರೆದವು. ಆ ಸುದ್ದಿಯನ್ನು ಎಲ್ಲರೂ ನಗುತ್ತಾ ಹಂಚಿಕೊಂಡರು. ಗಂಡನ ತಪ್ಪು ಬಯಲಾಯಿತಲ್ಲ ಎಂಬ ಸಮಾಧಾನವೂ ನಗುವಿನಲ್ಲಿತ್ತು. ಪಾತ್ರಗಳನ್ನು ಅದಲುಬದಲು ಮಾಡಿ ನೋಡಿದರೆ ನಗು ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಹೆಂಡತಿಗೆ, ಮಗಳಿಗೆ, ಸೊಸೆಗೆ ಸ್ವಂತದ್ದು ಎನ್ನಲು ಕೋಣೆ ಇರುವುದು ಅಪರೂಪ. ಎಷ್ಟೋ ಜನರಿಗೆ ಫೋನೊಂದೇ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಅಲ್ಲಿ ತವರಿಗೆ ಬರೆದ ಸಂದೇಶವಿರಬಹುದು, ಗೆಳತಿಯ ಬಳಿ ಹೇಳಿಕೊಂಡ ದುಃಖವಿರಬಹುದು, ಸಹಾಯವಾಣಿಯ ನಂಬರ್ ಇರಬಹುದು. ಆ ಕೋಣೆಯ ಕೀಲಿ ಅವಳು ಮಲಗಿದಾಗ ಅವಳ ಪಕ್ಕದಲ್ಲೇ ಬಿದ್ದಿರುತ್ತದೆ.

ಪಾಸ್‌ವರ್ಡನ್ನೂ ಹೊಡೆದು ಬಡಿದು ಹೇಳಿಸಬಹುದಲ್ಲ ಎಂದು ಕೇಳಬಹುದು. ನಿಜ. ಗುಟ್ಟು ಇದ್ದ ಮಾತ್ರಕ್ಕೆ ಯಾರೂ ಸ್ವತಂತ್ರರಾಗುವುದಿಲ್ಲ. ಆದರೆ ಒಂದು ಅಂತರವಿದೆ. ಪಾಸ್‌ವರ್ಡನ್ನು ಕೇಳಬೇಕಾಗುತ್ತದೆ. ಕೇಳಿದಾಗ ‘ಯಾಕೆ?’ ಎಂಬ ಮರುಪ್ರಶ್ನೆ ಹುಟ್ಟುತ್ತದೆ, ಜಗಳವಾಗುತ್ತದೆ, ಕೇಳಿದವರ ಬಣ್ಣ ಬಯಲಾಗುತ್ತದೆ. ಕೊನೆಗೆ ಹೇಳಿದರೂ, ತನ್ನಿಂದ ಕಿತ್ತುಕೊಂಡರು ಎಂಬ ಅರಿವು ಉಳಿಯುತ್ತದೆ, ಮರುದಿನ ಬದಲಿಸುವ ದಾರಿಯೂ ಇರುತ್ತದೆ. ನಿದ್ದೆಯಲ್ಲಿದ್ದ ಬೆರಳಿಗೆ ಇದಾವುದೂ ಇಲ್ಲ. ಅಲ್ಲಿ ಕಳವಾದುದೇ ಗೊತ್ತಾಗುವುದಿಲ್ಲ. ಕೇಳದೆ ತೆಗೆದುಕೊಳ್ಳಬಹುದಾದ ವಸ್ತುವಿನಲ್ಲಿ ಒಪ್ಪಿಗೆಗೆ ಜಾಗ ಇರುವುದಿಲ್ಲ.

ಅಧಿಕಾರದ ವಿಷಯದಲ್ಲಿಯೂ ಇದೇ ಗೆರೆ ಕಾಣುತ್ತದೆ. ಸಂವಿಧಾನದ 20(3)ನೇ ವಿಧಿ, ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎನ್ನುತ್ತದೆ. ಬೆರಳಚ್ಚು ಕೊಡುವುದು ಸಾಕ್ಷಿ ಹೇಳಿದಂತಾಯಿತೇ? ಅಲ್ಲ ಎಂದು 1961ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಬೆರಳು ಮನಸ್ಸಿನೊಳಗಿನ ಮಾತನ್ನು ಹೇಳುವುದಿಲ್ಲ, ಹೋಲಿಸಿ ನೋಡಲು ಸಿಗುವ ವಸ್ತು ಅದು ಎಂಬುದು ತರ್ಕ. 2010ರಲ್ಲಿ, ಕರ್ನಾಟಕ ಸರ್ಕಾರ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಆ ವಿಧಿಗೆ ವಿರುದ್ಧ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಮನಸ್ಸಿನೊಳಗಿನದನ್ನು ಬಲವಂತವಾಗಿ ಹೊರತೆಗೆಯಬಾರದು ಎಂಬುದು ಅದರ ಸಾರ. ಈ ಎರಡರ ನಡುವೆ ಪಾಸ್‌ವರ್ಡ್ ಎಲ್ಲಿ ನಿಲ್ಲುತ್ತದೆ? ಅದು ಮನಸ್ಸಿನೊಳಗಿನದು. ಆದರೂ 2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಪಾಸ್‌ವರ್ಡಾಗಲಿ ಬೆರಳಾಗಲಿ, ತನಿಖೆಗೆ ಒದಗಿಸುವುದು ತನ್ನ ವಿರುದ್ಧ ಸಾಕ್ಷಿ ಹೇಳಿದಂತಲ್ಲ ಎಂದಿತು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು, ಆರೋಪಿಯನ್ನು ಪಾಸ್‌ವರ್ಡ್ ಹೇಳುವಂತೆ ಒತ್ತಾಯಿಸಲಾಗದು ಎಂದಿತು. ಹೀಗೆ ಮಾತಿನ ಬಗ್ಗೆ ವಾದ ಇನ್ನೂ ಜೀವಂತವಾಗಿದೆ. ಬೆರಳಿನ ಬಗ್ಗೆ ವಾದ 1961ರಲ್ಲೇ ಬಹುಮಟ್ಟಿಗೆ ಮುಗಿದಿದೆ. 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳು, ಅಂಗೈ, ಕಣ್ಣಿನ ಪಾಪೆಯ ಅಳತೆಗಳನ್ನು ಪಡೆದು 75 ವರ್ಷ ಕಾಪಿಡಲು ಅವಕಾಶ ಕೊಟ್ಟಿದೆ. ಪತ್ರಕರ್ತರಿಗೆ, ಹೋರಾಟಗಾರರಿಗೆ, ನಾಳೆ ಯಾವುದೋ ಪ್ರತಿಭಟನೆಯಲ್ಲಿ ನಿಲ್ಲಬಹುದಾದ ವಿದ್ಯಾರ್ಥಿಗೆ ಇದು ದೂರದ ಮಾತಲ್ಲ.

ಹಾಗಿದ್ದರೂ ನಾವು ಬೆರಳನ್ನೇ ಯಾಕೆ ಆರಿಸಿಕೊಳ್ಳುತ್ತೇವೆ? ಗಿರೀಶ ಕಾರ್ನಾಡರ ‘ನಾಗಮಂಡಲ’ದ ರಾಣಿಯಲ್ಲಿ ಇದಕ್ಕೊಂದು ಉತ್ತರ ಸಿಗುತ್ತದೆ. ಅಪ್ಪಣ್ಣನ ರೂಪ ತೊಟ್ಟ ನಾಗ ರಾತ್ರಿ ಅವಳ ಬಳಿಗೆ ಬರುತ್ತಾನೆ. ಮುಖ ಗಂಡನದ್ದೇ. ಆದರೆ ಹಗಲಿನ ಗಂಡ ಒರಟ, ರಾತ್ರಿಯವನು ಮೃದು. ನಡತೆ ತಾಳೆಯಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಾಗದೆ ಇಲ್ಲ. ಸೂಚನೆಗಳು ಒಂದಾದ ಮೇಲೊಂದು ಬರುತ್ತವೆ. ಪ್ರಶ್ನೆ ಕೇಳಿದರೆ ಸುಖ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಅವಳು ಮುಖವನ್ನೇ ನಂಬಲು ನಿರ್ಧರಿಸುತ್ತಾಳೆ. ಗುರುತಿಸುವುದು ಬರೀ ಕಣ್ಣಿನ ಕೆಲಸವಲ್ಲ, ಗುರುತಿಸುವವರ ಬಯಕೆಯೂ ಅದರಲ್ಲಿ ಸೇರಿರುತ್ತದೆ ಎಂಬುದನ್ನು ಆ ನಾಟಕ ಮರುಕದಿಂದ ಕಾಣಿಸುತ್ತದೆ. ರಾಣಿಗೆ ಬೇರೆ ದಾರಿ ಇರಲಿಲ್ಲ, ಅವಳನ್ನು ಬೀಗ ಹಾಕಿ ಕೂಡಿಹಾಕಿದ್ದರು. ನಮ್ಮ ಬಯಕೆ ಅಷ್ಟು ದೊಡ್ಡದಲ್ಲ. ಆರಂಕಿ ಒತ್ತುವ ಮೂರು ಸೆಕೆಂಡು ಉಳಿದರೆ ಸಾಕು ಎಂಬುದಷ್ಟೇ.

ಹಾಗೆಂದು ಬೆರಳ ಬೀಗವನ್ನು ಕಿತ್ತೊಗೆಯಿರಿ ಎಂದು ನಾನು ಹೇಳಲಾರೆ. ಫೋನಿನ ರಚನೆಯೇ ನನ್ನ ವಾದದ ಪರವಾಗಿದೆ ಎನಿಸುತ್ತದೆ. ಐಫೋನನ್ನು ಆರಿಸಿ ಮತ್ತೆ ಹಚ್ಚಿದಾಗ, 48 ಗಂಟೆ ತೆರೆಯದೇ ಇದ್ದಾಗ, ಐದು ಸಲ ಬೆರಳೋ ಮುಖವೋ ತಾಳೆಯಾಗದಿದ್ದಾಗ ಅದು ಪಾಸ್‌ಕೋಡನ್ನೇ ಕೇಳುತ್ತದೆ. ಆಂಡ್ರಾಯ್ಡ್ ಫೋನುಗಳೂ ಆಗಾಗ ಹೀಗೆಯೇ ಕೇಳುತ್ತವೆ. ಅಂದರೆ ಯಂತ್ರವನ್ನು ಕಟ್ಟಿದವರೇ ದೇಹವನ್ನು ಪೂರ್ತಿ ನಂಬಿಲ್ಲ. ಬೆರಳು ಹಗಲಿನ ಚಿಲಕ, ಮಾತೇ ರಾತ್ರಿಯ ಬೀಗ. ಚಿಲಕ ಒಳ್ಳೆಯದು, ದಾರಿಹೋಕ ಒಳನುಗ್ಗದಂತೆ ತಡೆಯುತ್ತದೆ. ಅದನ್ನೇ ಬೀಗವೆಂದು ನಂಬಿ, ಅಡಿಯಲ್ಲಿರುವ ಪಾಸ್‌ಕೋಡನ್ನು 1234 ಎಂದೋ ಹುಟ್ಟಿದ ದಿನವೆಂದೋ ಇಟ್ಟರೆ ಮನೆಗೆ ಬೀಗವೇ ಇಲ್ಲ. ಬೆರಳಿನ ಸುಖದಿಂದ ಒಂದು ಲಾಭ ಪಡೆಯಬಹುದು: ದಿನಕ್ಕೆ ಒಂದೆರಡು ಸಲ ಮಾತ್ರ ಒತ್ತಬೇಕಾದ ಪಾಸ್‌ಕೋಡನ್ನು ಉದ್ದವಾಗಿ, ನಮಗೆ ಮಾತ್ರ ಅರ್ಥವಾಗುವಂತೆ ಇಟ್ಟುಕೊಳ್ಳಬಹುದು. ದಮಯಂತಿಯ ಅರ್ಧ ಸೀರೆಯಂಥ ಒಂದು ನೆನಪು ಎಲ್ಲರ ಬಳಿಯೂ ಇರುತ್ತದೆ.

ಹಣದ ಆ್ಯಪ್‌ಗಳಿಗೆ, ಖಾಸಗಿ ಟಿಪ್ಪಣಿಗಳಿಗೆ ಫೋನಿನದ್ದಲ್ಲದ ಬೇರೆ ಪಿನ್ ಇರಲಿ. 2025ರ ಅಕ್ಟೋಬರಿನಿಂದ ಯುಪಿಐ ಪಾವತಿಗೂ ಪಿನ್ ಬದಲು ಬೆರಳು ಅಥವಾ ಮುಖವನ್ನು ಬಳಸುವ ಅವಕಾಶ ಬಂದಿದೆ. ಒಪ್ಪಿಕೊಳ್ಳುವ ಮೊದಲು ಅದರ ಅರ್ಥವನ್ನು ಯೋಚಿಸುವುದು ಒಳ್ಳೆಯದು. ಪಿನ್ ಒತ್ತುವ ಆ ಕ್ಷಣದಲ್ಲಿ ‘ಈ ಹಣ ಕೊಡಲು ನಾನು ಒಪ್ಪಿದ್ದೇನೆ’ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಪರದೆ ನೋಡಿದ್ದೇ ಒಪ್ಪಿಗೆ ಎಂದಾದರೆ ನೋಡುವುದಕ್ಕೂ ಕೊಡುವುದಕ್ಕೂ ಅಂತರ ಉಳಿಯುವುದಿಲ್ಲ. ಹಾಗೆಯೇ, ಬೆರಳು ಮತ್ತು ಮುಖವನ್ನು ತಾತ್ಕಾಲಿಕವಾಗಿ ತಡೆಯುವ ದಾರಿಯನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಹೆಚ್ಚಿನ ಫೋನುಗಳಲ್ಲಿ ಆರಿಸಿ ಹಚ್ಚಿದರೆ ಸಾಕು, ಆಮೇಲೆ ಅದು ಮಾತಿಗೆ ಮಾತ್ರ ತೆರೆಯುತ್ತದೆ. ಮನೆಯಲ್ಲಿ ನೆಮ್ಮದಿ ಇಲ್ಲದವರಿಗೆ ಮಲಗುವ ಮೊದಲು ಮಾಡಬೇಕಾದ ಕೆಲಸ ಇದು.

ಹೆಬ್ಬೆಟ್ಟಿನಿಂದ ರುಜುವಿಗೆ ದಾಟಿದ ಅಜ್ಜಿಯರು ಕಲಿತದ್ದು ಹೆಸರು ಬರೆಯುವುದನ್ನು ಮಾತ್ರ ಅಲ್ಲ. ರುಜು ಹಾಕುವವರು ಪೆನ್ನನ್ನು ಕೆಳಗಿಡಲೂ ಬಲ್ಲರು. ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತಿಸಬಹುದು, ರುಜುವನ್ನು ಹಾಗೆ ಹಾಕಿಸುವುದು ಕಷ್ಟ. ‘ಇವಳು ಯಾರು’ ಎಂದು ಹೇಳುವುದಕ್ಕೆ ಮೈ ಸಾಕು. ‘ಇವಳು ಒಪ್ಪಿದಳೇ’ ಎಂದು ತಿಳಿಯಲು ಅವಳನ್ನೇ ಕೇಳಬೇಕು, ಅವಳು ಸುಮ್ಮನಿರುವ ಸಾಧ್ಯತೆಯನ್ನೂ ಉಳಿಸಿ ಕೇಳಬೇಕು.